ಸೂಲಂಗಿ ಮುರಿದ ಜೋಳ

ಶಿವನಂಜಮ್ಮನ ಹಿತ್ತಲು ಹೆಸರು ಮಾಡುವಂಥದ್ದೇನೂ ಅಲ್ಲ. ಅಡಿಗೆಮನೆಯ ಹಿಂಬಾಗಿಲು ತೆಗೆದರೆ ಒಂದು ಬಾವಿ, ಬಟ್ಟೆ ಒಗೆಯುವ ಕಲ್ಲು, ಅದರಾಚೆ ಗಾಡಿ ತಿರುಗಿಸುವಷ್ಟು ನೆಲ, ಸುತ್ತ ಕಳ್ಳಿಬೇಲಿ. ಅಷ್ಟರಲ್ಲಿ ಅವಳು ದಂಟು, ಬದನೆ, ಹೀರೆ, ಚಪ್ಪರದವರೆ ಬೆಳೆಯುತ್ತಿದ್ದಳು. ಮನೆಯೊಳಗೆ ಯಾವ ಪಾತ್ರೆ ಎಲ್ಲಿರಬೇಕು ಅನ್ನುವುದನ್ನು ತೀರಿಹೋದ ಅತ್ತೆ ಗೊತ್ತುಮಾಡಿ ಹೋಗಿದ್ದರು. ಹೊಲಗದ್ದೆಯಲ್ಲಿ ಏನು ಹಾಕಬೇಕು ಅನ್ನುವುದು ಗಂಡ ನಂಜಣ್ಣನಿಗೆ ಸೇರಿದ್ದು. ಯಾವ ನೆಂಟರ ಮದುವೆಗೆ ಯಾರು ಹೋಗಬೇಕು ಅನ್ನುವುದು ಮಾವ ಷಣ್ಮುಖಪ್ಪನವರ ಬಾಯಿಂದ ಬರಬೇಕು. ಹಿತ್ತಲಲ್ಲಿ ಮಾತ್ರ, ಬದನೆಯ ಪಕ್ಕ ಮೆಣಸಿನ ಸಸಿ ಯಾಕಿಟ್ಟೆ ಅಂತ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಅವಳ ಮಾತು ನಡೆಯುತ್ತಿದ್ದ ಜಾಗ ಅದೊಂದೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಹಾಗಾಗಿ ಆ ನೆಲದ ಮೇಲೆ ಅವಳಿಗೆ ಒಡವೆಗಿಂತ ಹೆಚ್ಚು ಆಸೆ ಇತ್ತು.

ಆ ನೆಲದ ಮೇಲೆ ನಂಜಣ್ಣನ ಕಣ್ಣು ಬಿದ್ದದ್ದು ಹೊಗೆಸೊಪ್ಪಿನ ದೆಸೆಯಿಂದ. ಜರ್ಮನಿಯವರ ಎರಡನೇ ಯುದ್ಧ ನಡೆಯುತ್ತಿದ್ದ ಕಾಲ. ಎಲ್ಲೆಲ್ಲಿಯೋ ಸಿಪಾಯಿಗಳು ಸಿಗರೇಟು ಸೇದುತ್ತಿದ್ದರು, ಅದಕ್ಕೋಸ್ಕರ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರದ ಕಡೆ ಹೊಸ ಜಾತಿಯ ಹೊಗೆಸೊಪ್ಪು ಬೆಳೆಯುವ ಹುಚ್ಚು ಹತ್ತಿತ್ತು. ಆ ಸೊಪ್ಪನ್ನು ಬಿಸಿಲಿಗೆ ಹರವಿದರೆ ಆಗದು. ಎತ್ತರದ ಗೋಡೆಯ ಮನೆಯೊಂದನ್ನು ಕಟ್ಟಿ, ಒಳಗೆ ಸೊಪ್ಪನ್ನು ತೂಗುಹಾಕಿ, ಕೆಳಗಿನಿಂದ ಬೆಂಕಿ ಕೊಟ್ಟು ಹದವಾಗಿ ಬೇಯಿಸಬೇಕು. ಅದಕ್ಕೆ ಬ್ಯಾರನ್ ಅನ್ನುತ್ತಿದ್ದರು. ಬೆಂಕಿಯನ್ನು ಹಗಲೂ ರಾತ್ರಿ ಕಾಯಬೇಕಾದ್ದರಿಂದ ಬ್ಯಾರನ್ ಮನೆಗೆ ಹತ್ತಿರ ಇದ್ದರೆ ವಾಸಿ. ನಂಜಣ್ಣ ತನ್ನ ಜಮೀನನ್ನೆಲ್ಲ ಅಳೆದು ಸುರಿದು, ಕೊನೆಗೆ ಹೆಂಡತಿಯ ದಂಟಿನ ಮಡಿಯ ಮೇಲೆ ಬಂದು ನಿಂತ.

“ಇಲ್ಲೇ ಕಟ್ಟಾಣ,” ಅಂದ. “ಸೊಪ್ಪುಸದೆ ಸಂತೇಲೂ ಸಿಕ್ತದೆ.”

“ಬ್ಯಾರನ್ನು ಹೊಲದಲ್ಲೂ ಕಟ್ಟಬೌದು,” ಅಂದಳು ಶಿವನಂಜಮ್ಮ.

“ಹೊಲದಲ್ಲಿ ಬೆಂಕಿ ಕಾಯೋಕೆ ರಾವಂದೂರಿಂದ ನಿಮ್ಮಣ್ಣ ಬತ್ತಾನಾ?”

ಅಣ್ಣ ಬರಲಿಲ್ಲ, ಆದರೆ ಅಣ್ಣ ಕೊಟ್ಟ ಬೀಜ ಆಗಲೇ ಹಿತ್ತಲಲ್ಲಿತ್ತು. ರಾವಂದೂರಿನ ಆ ಅಣ್ಣ ಕೊಡಗಿನ ಕಾಫಿ ತೋಟಗಳಿಗೆ ಅಕ್ಕಿ ಹೇರಿಕೊಂಡು ಹೋಗುವ ಗಾಡಿಯವನು. ಅಲ್ಲಿ ಯಾವುದೋ ತೋಟದ ದೊರೆಸಾನಿ ತನ್ನ ಕೈತೋಟದಲ್ಲಿ ಬೆಳೆದ ಮುಸುಕಿನ ಜೋಳದ ಬೀಜವನ್ನು ಒಂದು ಹಿಡಿ ಕೊಟ್ಟಿದ್ದಳಂತೆ. ಇದು ರೊಟ್ಟಿಯ ಜೋಳವಲ್ಲ, ಹಸಿಯಾಗಿದ್ದಾಗಲೇ ಬೇಯಿಸಿ ತಿನ್ನುವಂಥದ್ದು, ಬೆಲ್ಲ ಹಾಕದೆ ಸಿಹಿ, ಅಂತ ಅಣ್ಣ ಹೇಳಿ ಗಂಟು ಕೊಟ್ಟು ಹೋಗಿದ್ದ. ಗಂಟು ಬಿಚ್ಚಿದರೆ ಕಾಳೆಲ್ಲ ಮುದುಕಿಯ ಕೆನ್ನೆಯ ಹಾಗೆ ಸುಕ್ಕುಗಟ್ಟಿತ್ತು. ಬೀಜ ಕೆಟ್ಟಿದೆ ಅಂತ ಪಕ್ಕದ ಮನೆಯ ಚಿಕ್ಕಸಿದ್ದಮ್ಮ ಷರಾ ಬರೆದಳು. ಕೆಟ್ಟಿರಲಿಲ್ಲ. ಆ ಜಾತಿಯ ಕಾಳು ಒಣಗಿದರೆ ಇರುವುದೇ ಹಾಗೆ.

“ಯುಗಾದಿ ಕಳೀತಿದ್ದಂಗೆ ಬಿತ್ತಿವ್ನಿ. ಅದೊಂದು ಕೈಗೆ ಬರಲಿ,” ಅಂದಳು ಗಂಡನಿಗೆ. ಬರಲಿ ಬುಡು, ಅಂದ ಅವನು. ಕೆಟ್ಟವನಲ್ಲ ನಂಜಣ್ಣ. ಒಂದು ಯೋಚನೆ ತಲೆಗೆ ಹೊಕ್ಕರೆ ಇನ್ನೊಂದಕ್ಕೆ ಜಾಗ ಇರುತ್ತಿರಲಿಲ್ಲ, ಅಷ್ಟೆ.

ಬಿತ್ತುವುದರಲ್ಲಿ ಶಿವನಂಜಮ್ಮ ಆ ಸೀಮೆಯ ಯಾರೇ ಆದರೂ ಮಾಡುವುದನ್ನೇ ಮಾಡಿದ್ದಳು. ರಾಗಿ ಹೊಲದಲ್ಲಿ ಅವರೆಯೋ ಜೋಳವೋ ಹಾಕುವಾಗ ಅಲ್ಲೊಂದು ಇಲ್ಲೊಂದು ಒಂಟಿ ಸಾಲು ಎಳೆಯುತ್ತಾರೆ. ಅದಕ್ಕೆ ಅಕ್ಕಡಿ ಸಾಲು ಅನ್ನುತ್ತಾರೆ. ಅದೇ ಪ್ರಕಾರ ಅವಳು ತರಕಾರಿ ಮಡಿಗಳ ಸುತ್ತ, ಬೇಲಿಯ ಉದ್ದಕ್ಕೆ, ಒಂದೇ ಒಂದು ಸಾಲು ಜೋಳ ಹಾಕಿದಳು. ಉಳಿದ ನಾಲ್ಕಾರು ಕಾಳನ್ನು ಬಿಸಾಡಲು ಮನಸ್ಸಾಗದೆ ಬಾವಿಯ ಮೂಲೆಯಲ್ಲಿ ಒಟ್ಟಿಗೇ ಹೂತಳು. ಗಿಡ ಚೆನ್ನಾಗಿಯೇ ಬಂದವು. ತೆನೆಯೂ ಬಂತು. ಮುಸುಕು ಬಿಚ್ಚಿ ನೋಡಿದರೆ ಇಷ್ಟುದ್ದ ದಿಂಡಿನಲ್ಲಿ ಅಲ್ಲೊಂದು ಕಾಳು, ಇಲ್ಲೊಂದು ಕಾಳು.

“ನಮ್ಮ ಅತ್ತೆ ಬಾಯಿ ಇದ್ದಂಗದೆ ಕಣಕ್ಕ!” ಅಂತ ಚಿಕ್ಕಸಿದ್ದಮ್ಮ ಬೇಲಿಯಾಚೆ ಬಿದ್ದು ಬಿದ್ದು ನಕ್ಕಳು. ನಂಜಣ್ಣ ನಗಲಿಲ್ಲ. ಇಟ್ಟಿಗೆ ಎಲ್ಲಿ ಸುಡಿಸಬೇಕು ಅಂತ ವಿಚಾರಿಸಲು ಹೊರಟ.

ಆದರೆ ಬಾವಿಯ ಮೂಲೆಯಲ್ಲಿ ಒತ್ತೊತ್ತಾಗಿ ಬೆಳೆದಿದ್ದ ಗಿಡಗಳ ತೆನೆ ತುಂಬಿದ್ದವು. ಅದನ್ನು ಕಂಡು ಶಿವನಂಜಮ್ಮ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ತಲೆ ಕೆರೆದುಕೊಂಡಳು. ಅದೇ ಬೀಜ, ಅದೇ ಗೊಬ್ಬರ, ಅದೇ ಬಾವಿಯ ನೀರು. ಗಿಡದ ತಲೆಯ ಮೇಲಿನ ಗರಿಯಿಂದ ಅರಿಸಿನದ ಹಾಗೆ ಪುಡಿ ಉದುರುತ್ತಿದ್ದುದನ್ನು ಅವಳು ನೋಡಿದ್ದಳು. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ ಅನ್ನುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಹಾಗಾದರೆ ಜೋಳದಲ್ಲಿ ಮೇಲಿನ ಗರಿಯೇ ಗಂಡು, ತೆನೆಯ ತುದಿಯಲ್ಲಿ ಇಳಿಬಿದ್ದ ರೇಷ್ಮೆಯಂಥ ಕೂದಲೇ ಹೆಣ್ಣು. ಒಂಟಿ ಸಾಲಿನ ಗಿಡದ ಪುಡಿ ಗಾಳಿಗೆ ಬೇಲಿಯಾಚೆ ಹೋಗಿತ್ತು. ಗುಂಪಿನಲ್ಲಿದ್ದವು ಒಂದರ ಪುಡಿಯನ್ನು ಇನ್ನೊಂದರ ಕೂದಲ ಮೇಲೆ ಚೆಲ್ಲಿಕೊಂಡಿದ್ದವು. ಸರಿ, ತಪ್ಪು ತನ್ನದೇ, ಅಕ್ಕಡಿ ಸಾಲಿನದು ಅಂದುಕೊಂಡಳು.

ಆ ಮೂಲೆಯ ತೆನೆಯೊಂದನ್ನು ಬೇಯಿಸಿ ಮಾವನ ಮುಂದಿಟ್ಟಳು. ಅದು ಅವಳು ಮಾಡಿದ ಬುದ್ಧಿವಂತಿಕೆಯ ಕೆಲಸ.

ಷಣ್ಮುಖಪ್ಪನವರು ಒಂದು ಕಾಲದಲ್ಲಿ ಆ ಕಡೆಯ ಆಲೆಮನೆಗಳಿಗೆಲ್ಲ ದೊಡ್ಡ ಮನುಷ್ಯರು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಅವರು ಬಂದು ನಿಂತು, ಪಾಕವನ್ನು ಬೆರಳಿಗೆ ತಗುಲಿಸಿ ನಾಲಗೆಗೆ ಮುಟ್ಟಿಸಿ, “ಇಳಿಸ್ರಲಾ” ಅಂದರೆ ಇಳಿಸಬೇಕು. ಕಬ್ಬಿನ ತುಂಡೊಂದನ್ನು ಅಗಿದು ಅದು ಯಾವ ಗದ್ದೆಯದು, ನಾಲೆಯ ನೀರಿನದೋ ಕೆರೆಯ ನೀರಿನದೋ ಹೇಳುತ್ತಿದ್ದರು. ಈಗ ಎರಡು ಕಣ್ಣಿಗೂ ಪೊರೆ ಬಂದು, ಕೊಪ್ಪರಿಗೆಯ ಹತ್ತಿರ ಹೋದರೆ ಹುಡುಗರು ಕೈ ಹಿಡಿದು ಆಚೆ ಕೂರಿಸುತ್ತಿದ್ದರು. ಕೂರಿಸಿದ ಮೇಲೆ ಕೇಳುವವರಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ, ಜಗುಲಿಯ ಮೇಲೆ ಕೂತರೆ ಮಧ್ಯಾಹ್ನದವರೆಗೂ ಅಲ್ಲೇ. ಊಟವೂ ಅರ್ಧಂಬರ್ಧ.

ಅವರು ತೆನೆಯನ್ನು ಕಚ್ಚಿದರು. ನಿಧಾನವಾಗಿ ಅಗಿದರು. ಹಣೆ ಗಂಟಿಕ್ಕಿತು.

“ಇದಕ್ಕೇನು ಹಾಕ್ದೆ ಮಗ?”

“ಏನೂ ಇಲ್ಲ ಮಾವಯ್ಯ. ಬರೀ ನೀರು.”

“ಸುಳ್ಳೇಳ್ಬೇಡ.”

“ನಿಮ್ಮ ಪಾದದಾಣೆ.”

ಇನ್ನೊಮ್ಮೆ ಕಚ್ಚಿ, ತೆನೆಯನ್ನು ಪೂರ್ತಿ ಮುಗಿಸಿ, ದಿಂಡನ್ನು ಕೂಡ ಹೀರಿ ಕೆಳಗಿಟ್ಟರು. ಆಮೇಲೆ ಮಗನನ್ನು ಕೂಗಿದರು. “ನಂಜ, ಆ ಹಿತ್ತಲಲ್ಲಿ ಇನ್ನೊಂದು ಬೆಳೆ ಬರಲಿ. ಅದು ಸರಿಯಾಗಿ ಬಂದ್ರೆ ಹಿತ್ತಲು ಇರ್ತದೆ. ಇದೇ ತರ ಜೊಳ್ಳಾದ್ರೆ ನಿನ್ನ ಬ್ಯಾರನ್ ಕಟ್ಟಿಸ್ಕೊ, ನಾ ಬ್ಯಾಡ ಅನ್ನಾಕಿಲ್ಲ.” ನಂಜಣ್ಣ ಗೊಣಗಿದ. ಆದರೆ ಅಪ್ಪನ ಮಾತು ಮೀರುವ ಮನೆಯಲ್ಲ ಅದು. ದಸರಾ ಹೊತ್ತಿಗೆ ಗೊತ್ತಾಯ್ತದಲ್ಲ, ಅಂದ.

ಮೂಲೆಯಲ್ಲಿ ಉಳಿದಿದ್ದ ತೆನೆಗಳನ್ನು ಶಿವನಂಜಮ್ಮ ಗಿಡದಲ್ಲೇ ಒಣಗಲು ಬಿಟ್ಟು ಬೀಜ ಮಾಡಿಕೊಂಡಳು. ಆರಿದ್ರಾ ಮಳೆ ಬಿದ್ದು ನೆಲ ಬೆಚ್ಚಗೆ ಹದಕ್ಕೆ ಬಂದಾಗ, ದಂಟನ್ನೆಲ್ಲ ಕಿತ್ತು ನಡುವೆ ಚೌಕಾಕಾರದ ಒಂದೇ ಮಡಿ ಮಾಡಿದಳು. ಉದ್ದನೆಯ ಸಾಲಿಲ್ಲ. ಮೋಟು ಮೋಟು ಸಾಲು, ಒಂದರ ಪಕ್ಕ ಒಂದು. ಗುಂಡಿಗೊಂದು ಬೊಗಸೆ ಹಳೆಯ ಕೊಟ್ಟಿಗೆ ಗೊಬ್ಬರ, ಮೇಲೆ ಒಲೆಯ ಬೂದಿ, ಎರಡೆರಡು ಕಾಳು. ಎರಡೂ ಹುಟ್ಟಿದ ಕಡೆ ಸೊರಗಿದ್ದನ್ನು ಕಿತ್ತಳು. ಗಿಡ ಮೊಣಕಾಲೆತ್ತರ ಬಂದಾಗ ಬುಡಕ್ಕೆ ಮಣ್ಣೇರಿಸಿದಳು. ಮಳೆ ಕೈಕೊಟ್ಟ ದಿನ ಬಾವಿಯಿಂದ ಸೇದಿ ಹೊಯ್ದಳು. ಸೊಂಟ ಬಿದ್ದುಹೋಗುವಂತೆ ದುಡಿದಳು ಅಂದರೆ ಉತ್ಪ್ರೇಕ್ಷೆಯಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಕಟ್ಟಿದವನು ಹಿತ್ತಲಿಗೆ ನೀರು ಹೊತ್ತವನಲ್ಲ.

ಷಣ್ಮುಖಪ್ಪನವರೂ ಜಗುಲಿಯಿಂದ ಎದ್ದು ಹಿತ್ತಲಿಗೆ ಬಂದರು. ಒಂದು ಹಳೆಯ ಸೀಮೆಎಣ್ಣೆ ಡಬ್ಬ ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತು ಗಿಳಿ ಓಡಿಸುವ ಕೆಲಸ ತಾವೇ ವಹಿಸಿಕೊಂಡರು. ಗಿಳಿ ಕಾಣುತ್ತಿರಲಿಲ್ಲ. ರೆಕ್ಕೆಯ ಸದ್ದು ಕೇಳಿದ ಕಡೆಗೆ ಡಬ್ಬ ಬಡಿಯುತ್ತಿದ್ದರು. ಸಂಜೆ ಸೊಸೆಯ ಹತ್ತಿರ “ಇವತ್ತು ಒಂದೂ ಇಳೀಲಿಲ್ಲ ಕಣವ್ವ” ಅಂತ ಹೇಳಿಕೊಳ್ಳುತ್ತಿದ್ದರು. ಊಟಕ್ಕೆ ಎರಡನೇ ಸಲ ಮುದ್ದೆ ಕೇಳತೊಡಗಿದರು. ಅವಳಿಗೂ ಆ ಮುದುಕರ ಜೊತೆ ಇಷ್ಟು ಮಾತಾಡಬಹುದು ಅನ್ನುವುದು ಮದುವೆಯಾಗಿ ಇಷ್ಟು ವರ್ಷಕ್ಕೆ ಗೊತ್ತಾಗಿದ್ದು ಆಗಲೇ.

ಗೌರಿ ಹಬ್ಬಕ್ಕೆ ಅಣ್ಣ ಗಾಡಿ ಕಟ್ಟಿಕೊಂಡು ಕರೆಯಲು ಬಂದ. ಅಷ್ಟು ಹೊತ್ತಿಗೆ ಗಿಡದ ತಲೆಯಲ್ಲಿ ಗರಿ ಒಡೆಯುತ್ತಿತ್ತು, ಕಂಕುಳಲ್ಲಿ ತೆನೆಗಳ ಮೊಳಕೆ. ಎರಡು ದಿನದಲ್ಲಿ ಬಂದುಬಿಡುತ್ತೇನೆ, ಗಿಳಿ ನೋಡ್ಕೊಳ್ಳಿ ಮಾವಯ್ಯ, ಅಂತ ಹೇಳಿ ಅವಳು ಗಾಡಿ ಹತ್ತಿದಳು. ಗರಿಯನ್ನು ಮುಟ್ಟಬೇಡಿ ಅಂತ ಮಾತ್ರ ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲೂ ಇಲ್ಲ.

ಬಾಗಿನದ ಮೊರ ಹೊತ್ತುಕೊಂಡು ತವರಿಂದ ವಾಪಸು ಬಂದವಳು ಮೊದಲು ಹಿತ್ತಲಿಗೇ ಹೋದಳು. ಹಿಂಬಾಗಿಲಲ್ಲೇ ನಿಂತುಬಿಟ್ಟಳು. ಇಡೀ ಮಡಿಯಲ್ಲಿ ಒಂದು ಗಿಡಕ್ಕೂ ತಲೆ ಇರಲಿಲ್ಲ. ಎಲ್ಲ ಗರಿಗಳನ್ನೂ ಮುರಿದು, ಅಂದವಾಗಿ ಕಟ್ಟು ಕಟ್ಟಿ, ಕೊಟ್ಟಿಗೆಯ ನೆರಳಲ್ಲಿ ಜೋಡಿಸಿಟ್ಟಿತ್ತು.

ಷಣ್ಮುಖಪ್ಪನವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೆಮ್ಮೆಯಿಂದ ಕೂತಿದ್ದರು. ಬಳೆಯ ಸದ್ದು ಕೇಳಿ ಮುಖ ತಿರುಗಿಸಿದರು.

“ಬಂದ್ಯಾ ಮಗ? ನೋಡು, ಒಂದೂ ಬುಟ್ಟಿಲ್ಲ. ಸೂಲಂಗಿ ಎಲ್ಲಾ ಮುರ್ದಾಕಿವ್ನಿ.”

ಆ ಕಡೆ ಕಬ್ಬು ಗೊತ್ತಿರುವವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಕಬ್ಬು ಬಲಿತು ತಲೆಯ ಮೇಲೆ ಬಿಳಿಯ ಗರಿ ಬಿಟ್ಟರೆ ಅದಕ್ಕೆ ಸೂಲಂಗಿ ಅನ್ನುತ್ತಾರೆ. ಸೂಲಂಗಿ ಬಂದ ಕಬ್ಬು ಬೆಂಡಾಗುತ್ತದೆ, ಸಿಹಿಯೆಲ್ಲ ಗರಿಗೆ ಹತ್ತಿಹೋಗುತ್ತದೆ. ಆಲೆಮನೆಯವರಿಗೆ ಸೂಲಂಗಿ ಅಂದರೆ ಹಾವು ಕಂಡಷ್ಟು ಭಯ. ಈ ಜೋಳದ ಗರಿಗೂ ಊರಿನವರು ಬೇರೆ ಹೆಸರಿಲ್ಲದೆ ಸೂಲಂಗಿ ಅಂತಲೇ ಕರೆದಿದ್ದರು, ಶಿವನಂಜಮ್ಮನೂ ಸೇರಿ. “ಸೂಲಂಗಿ ಬಂದದೆ ಮಾವಯ್ಯ” ಅಂತ ಹಬ್ಬದ ಹಿಂದಿನ ದಿನ ಖುಷಿಯಿಂದ ಹೇಳಿದವಳು ಅವಳೇ. ಮುದುಕರಿಗೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ. ಸೊಸೆ ತವರಲ್ಲಿದ್ದಾಳೆ, ಸಿಹಿ ಗರಿಗೆ ಹತ್ತುತ್ತಿದೆ, ಹಿತ್ತಲು ಹೋಗುತ್ತಿದೆ. ಬೆಳಗಾಗುತ್ತಲೇ ಕೈಯಲ್ಲಿ ತಡವಿ ತಡವಿ ಒಂದೊಂದನ್ನೇ ಬಗ್ಗಿಸಿ ಮುರಿದಿದ್ದರು. ಎಲೆಯ ಅಲುಗು ತಗುಲಿ ಅಂಗೈಯೆಲ್ಲ ಗೀರು ಗೀರು.

“ಇನ್ನು ಸಿಹಿ ಮ್ಯಾಕೋಗಾಕಿಲ್ಲ. ಪೂರಾ ತೆನೇಗೇ ಇಳೀತದೆ,” ಅಂದರು. “ನಿಂಗೆ ಗೊತ್ತಿಲ್ಲ, ಇದು ನಮ್ಮ ಕಸುಬು.”

ಶಿವನಂಜಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಮೈಯೆಲ್ಲ ಉರಿಯುವಂಥ ಸಿಟ್ಟು. ಮೊರವನ್ನು ಅವರ ಕಾಲಬುಡದಲ್ಲಿ ಎತ್ತಿ ಕುಕ್ಕಬೇಕು, ನಿಮ್ಮ ಕಸುಬಿಗೆ ಬೆಂಕಿ ಹಾಕ ಅಂತ ಕೂಗಬೇಕು ಅನ್ನಿಸಿತು. ತೆನೆಗಳ ತುದಿಯಲ್ಲಿ ಎಳೆಯ ಕೂದಲು ಆಗ ತಾನೆ ಹೊರಗೆ ಬಂದು ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಮೇಲೆ ಬೀಳಬೇಕಾಗಿದ್ದ ಪುಡಿ ಕೊಟ್ಟಿಗೆಯಲ್ಲಿ ದನದ ಮೇವಾಗಿ ಕೂತಿತ್ತು. ಹೇಳಿಬಿಡಬೇಕು ಅಂತ ಬಾಯಿ ತೆರೆದಳು. ಮುದುಕರು ಗೀರು ಬಿದ್ದ ಅಂಗೈಯನ್ನು ಮಕ್ಕಳ ಹಾಗೆ ಮುಂದೆ ಹಿಡಿದು ತೋರಿಸುತ್ತಿದ್ದರು. ಅವಳು ತೆರೆದ ಬಾಯಿ ಮುಚ್ಚಿಕೊಂಡಳು. ಕಣ್ಣು ಹೋಯಿತು, ಕೊಪ್ಪರಿಗೆ ಹೋಯಿತು, ಸಿಹಿ ಅಂದರೇನು ಅಂತ ತನಗೆ ಗೊತ್ತು ಅನ್ನುವುದೊಂದೇ ಅವರಿಗೆ ಉಳಿದಿತ್ತು. ಅದನ್ನೂ ಕಿತ್ತುಕೊಂಡು ಈ ಮುದುಕರನ್ನು ಮತ್ತೆ ಜಗುಲಿಯ ಮೇಲೆ ಕೂರಿಸುವುದೇ?

“ಯಾವಾಗ ಮುರುದ್ರಿ ಮಾವಯ್ಯ?” ಅಂದಳು.

“ಇವತ್ತೇ, ಬೆಳಿಗ್ಗೆ. ಹಸೂಗೆ ಹಾಕಣ ಅಂತ ಮಡಗಿವ್ನಿ.”

ಓಡಿಹೋಗಿ ಕಟ್ಟೊಂದನ್ನು ಎತ್ತಿ ಅಂಗೈ ಮೇಲೆ ಕೊಡವಿದಳು. ಇನ್ನೂ ಬಾಡಿರಲಿಲ್ಲ. ಹಳದಿ ಪುಡಿ ಸಣ್ಣಗೆ ಉದುರಿತು. ಆಗ ಅವಳ ಬಾಯಿಂದ ಬಂದ ಸುಳ್ಳು ಎಲ್ಲಿಂದ ಬಂತೋ, ಅವಳಿಗೇ ಗೊತ್ತಿಲ್ಲ.

“ಚೆನ್ನಾಗೇ ಮಾಡಿದೀರಿ. ಆದ್ರೆ ದೃಷ್ಟಿ ತೆಗೀಲಿಲ್ಲವಲ್ಲ ಮಾವಯ್ಯ! ಸೂಲಂಗಿ ಮುರಿದ ದಿವಸವೇ ಅದೇ ಸೂಲಂಗೀಲಿ ಗಿಡಕ್ಕೆ ನಿವಾಳಿಸಬೇಕು. ಇಲ್ದಿದ್ರೆ ನಮ್ಮ ರಾವಂದೂರು ಕಡೆ ಬೆಳೆ ತಿನ್ನಾಕಿಲ್ಲ.”

“ನಾ ಕೇಳೇ ಇಲ್ವಲ್ಲ.”

“ಈ ಜೋಳ ನಿಮ್ಮ ಕಡೇದಲ್ಲವಲ್ಲ.”

ಷಣ್ಮುಖಪ್ಪನವರು ಯೋಚಿಸಿದರು. “ನಿಮ್ಮೂರು ಕೊಡಗಿನ ಸೆರಗಲ್ಲೇ ಅದೆ. ಮಾಟ ಮಂತ್ರ ಜಾಸ್ತಿ. ಇದ್ದರೂ ಇರಬೌದು ಬುಡು,” ಅಂದು ಎದ್ದು ನಿಂತರು. “ಹೆಂಗೆ ನಿವಾಳಿಸಬೇಕು ಹೇಳು.”

ಮಕ್ಕಳಿಗೆ ದೃಷ್ಟಿಯಾದರೆ ಉಪ್ಪು ಮೆಣಸಿನಕಾಯಿ ಹಿಡಿದು ತಲೆಯ ಸುತ್ತ ನಿವಾಳಿಸುವ ಹಾಗೆಯೇ. ಒಂದು ವ್ಯತ್ಯಾಸ ಮಾತ್ರ: ನಿವಾಳಿಸಿ ಆದ ಮೇಲೆ ಗರಿಯನ್ನು ತೆನೆಯ ಕೂದಲ ಮೇಲೆ ಹಿಡಿದು ಚೆನ್ನಾಗಿ ಕೊಡವಬೇಕು, ಅಂತ ಶಿವನಂಜಮ್ಮ ಅಲ್ಲೇ ಶಾಸ್ತ್ರ ಹುಟ್ಟಿಸಿದಳು. ಮುದುಕರು ಬಹಳ ಶ್ರದ್ಧೆಯವರು. ಒಂದೊಂದು ಗಿಡದ ಮುಂದೆಯೂ ನಿಂತು, ಗರಿಯನ್ನು ಮೂರು ಸುತ್ತು ತಿರುಗಿಸಿ, “ನಾಯಿ ಕಣ್ಣು, ನರಿ ಕಣ್ಣು, ನೆರೆಯವರ ಕಣ್ಣು” ಅಂತ ಬಾಯಲ್ಲಿ ಹೇಳಿ, ಕೊಡವಿ, ಕೊನೆಗೆ ಥೂ ಥೂ ಅಂತ ಉಗಿದು ಮುಂದಿನ ಗಿಡಕ್ಕೆ ಹೋಗುತ್ತಿದ್ದರು. ಬೇಗ ಬೇಗ ಅಂತ ಅವರಿಗೆ ಹೇಳುವ ಹಾಗಿಲ್ಲ. ಅವಳು ಇನ್ನೊಂದು ಕಡೆಯಿಂದ ಮಂತ್ರವನ್ನೆಲ್ಲ ನುಂಗಿ ಕೊಡವುತ್ತ ಬಂದಳು.

“ನೆರೆಯವರ ಕಣ್ಣು ಅಂದ್ರೆ ನಂದೇನಾ ಯಜಮಾನ್ರೇ?” ಅಂತ ಬೇಲಿಯಾಚೆಯಿಂದ ಚಿಕ್ಕಸಿದ್ದಮ್ಮ ಕೇಳಿದಳು.

“ಮತ್ತೆ ಇನ್ಯಾರ್ದು?” ಅಂದರು ಷಣ್ಮುಖಪ್ಪನವರು ಕೈ ನಿಲ್ಲಿಸದೆ.

ಬಾವಿಯ ಪಕ್ಕದ ಎರಡು ಸಾಲು ಉಳಿದಿದ್ದಾಗ ಮಳೆ ಬಂತು. ಹನಿ ಅಲ್ಲ, ಧೋ ಅಂತ ಸುರಿಯಿತು. ಮರುದಿನ ಬೆಳಿಗ್ಗೆ, ಮಡಿಯಲ್ಲೇ ಬಿದ್ದು ನೆನೆದಿದ್ದ ಉಳಿದ ಗರಿಗಳನ್ನು ಎಷ್ಟು ಕೊಡವಿದರೂ ನೀರು ಬಿತ್ತೇ ಹೊರತು ಪುಡಿ ಬೀಳಲಿಲ್ಲ. ಆ ಎರಡು ಸಾಲನ್ನು ಶಿವನಂಜಮ್ಮ ಮನಸ್ಸಿನಲ್ಲೇ ಬಿಟ್ಟುಕೊಟ್ಟಳು. ಉಳಿದದ್ದರಲ್ಲೂ ಕಾಳು ಕಟ್ಟುತ್ತದೋ ಇಲ್ಲವೋ, ಯಾರಿಗೆ ಗೊತ್ತು? ತವರಿನ ಗೌರಮ್ಮನಿಗೆ ಮನಸ್ಸಿನಲ್ಲೇ ಒಂದು ಸೀರೆಯ ಹರಕೆ ಹೊತ್ತಳು.

ಆಮೇಲಿನ ದಿನಗಳು ಅವಳಿಗೆ ಕಷ್ಟವಾದವು. ಗಿಡಕ್ಕೆ ಆದದ್ದನ್ನು ಸಹಿಸಿಕೊಂಡಿದ್ದಳು. ಮಾವನ ಮಾತನ್ನು ಸಹಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಮುಂಬಾಗಿಲಿಗೆ ಯಾರು ಬಂದರೂ ಅವರನ್ನು ಹಿತ್ತಲಿಗೆ ಕರೆದೊಯ್ದು, ಸೂಲಂಗಿಯನ್ನು ಯಾವ ಹೊತ್ತಿನಲ್ಲಿ ಯಾವ ಗೆಣ್ಣಿಗೆ ಮುರಿಯಬೇಕು ಅಂತ ಪಾಠ ಹೇಳುತ್ತಿದ್ದರು. “ನನ್ನ ಸೊಸೆ ಬೆಳೆಸ್ತಾಳೆ, ಒಪ್ತೀನಿ. ಸಿಹಿ ಹಿಡಿಯೋದು ಬ್ಯಾರೆ ವಿದ್ಯೆ ಕಣ್ರಯ್ಯ.” ಒಳಗೆ ಶಿವನಂಜಮ್ಮ ಒನಕೆಯನ್ನು ಅಗತ್ಯಕ್ಕಿಂತ ಜೋರಾಗಿ ಕುಟ್ಟುತ್ತಿದ್ದಳು.

ಸ್ವಲ್ಪ ದಿನವಾದ ಮೇಲೆ ಆ ಪಾಠ ತಾನಾಗಿ ನಿಂತಿತು. ಬಂದವರು ಕೇಳಿದರೂ ಷಣ್ಮುಖಪ್ಪನವರು “ನೋಡಾಣ, ನೋಡಾಣ” ಅನ್ನತೊಡಗಿದರು. ಡಬ್ಬ ಬಡಿಯುತ್ತಿದ್ದರು, ಸಾಲುಗಳ ನಡುವೆ ಓಡಾಡುತ್ತಿದ್ದರು, ಆದರೆ ಮಾತು ಕಡಿಮೆ. ಮಾವನಿಗೆ ಮೈ ಸರಿಯಿಲ್ಲವೇನೋ ಅಂತ ಅವಳು ಮೆಣಸಿನ ಸಾರು ಮಾಡಿ ಕೊಟ್ಟಳು. ಕುಡಿದರು. ಮತ್ತೆ ಸಾಲುಗಳ ಕಡೆಗೆ ಹೋದರು.

ದಸರಾ ಹತ್ತಿರ ಬಂದಾಗ ತೆನೆಯ ಕೂದಲು ಕಂದು ಬಣ್ಣಕ್ಕೆ ತಿರುಗಿ ಒಣಗಿತು. ಒಂದು ದಿನ ನಂಜಣ್ಣ ಹಿತ್ತಲಿಗೆ ಬಂದ, ಒಬ್ಬನೇ ಅಲ್ಲ. ಗೋಡೆ ಕೆಲಸದ ಕರಿಯಯ್ಯನನ್ನು ಕರೆದುಕೊಂಡು ಬಂದಿದ್ದ. ಕರಿಯಯ್ಯನ ಹೆಗಲ ಮೇಲೆ ಅಳತೆಯ ಹಗ್ಗ, ಕೈಯಲ್ಲಿ ಗೂಟಗಳು. ಶಿವನಂಜಮ್ಮ ಅದನ್ನು ಕಂಡಳು. ಇನ್ನೂ ತೆನೆ ಬಿಚ್ಚಿಲ್ಲ, ಆಗಲೇ ಹಗ್ಗ ಬಂದಿದೆ.

“ಅಪ್ಪಯ್ಯ, ನೀವು ಹೇಳಿದ ಬೆಳೆ ಬಂತಲ್ಲ,” ಅಂದ ನಂಜಣ್ಣ. “ನೋಡೇ ಬುಡಾಣ. ಕರಿಯಯ್ಯನೂ ಪಾಪ ನಾಳೆ ಹಂಪಾಪುರಕ್ಕೆ ಓಗ್ಬೇಕಂತೆ.”

ಷಣ್ಮುಖಪ್ಪನವರು ಕಲ್ಲಿನಿಂದ ಎದ್ದು, ಕೋಲೂರಿಕೊಂಡು, ಯಾರ ಕೈಯನ್ನೂ ಹಿಡಿಯದೆ ಬಾವಿಯ ಕಡೆಗೆ ನಡೆದರು. ಆ ಕಡೆ ಬೇಡ ಮಾವಯ್ಯ, ಅಂತ ಹೇಳಲು ಶಿವನಂಜಮ್ಮನ ನಾಲಗೆಯ ತುದಿಗೆ ಬಂತು. ಹೇಳಿದರೆ ಯಾಕೆ ಅಂತ ಗಂಡ ಕೇಳುತ್ತಾನೆ. ಯಾಕೆ ಅಂತ ಹೇಳಿದರೆ ಎಲ್ಲವನ್ನೂ ಹೇಳಬೇಕು, ಕರಿಯಯ್ಯನ ಎದುರಿಗೆ, ಬೇಲಿಯಾಚೆ ಕಿವಿ ಚಾಚಿಕೊಂಡಿರುವ ಚಿಕ್ಕಸಿದ್ದಮ್ಮನ ಎದುರಿಗೆ. ಅಷ್ಟರಲ್ಲಿ ಮುದುಕರು ಕೊನೆಯ ಸಾಲಿನಿಂದ ತೆನೆಯೊಂದನ್ನು ಲಟಕ್ಕನೆ ಮುರಿದು ತಂದು ಮಗನ ಕೈಗೆ ಕೊಟ್ಟರು.

“ಬುಚ್ಚು.”

ನಂಜಣ್ಣ ಮುಸುಕು ಬಿಚ್ಚಿದ. ಬಿಳಿಯ ದಿಂಡು. ಹೆಸರಿಗೆ ಕೂಡ ಒಂದು ಕಾಳಿಲ್ಲ. ಹೋದ ಸಲ ಬೊಚ್ಚು ಬಾಯಲ್ಲಿ ನಾಲ್ಕು ಹಲ್ಲಾದರೂ ಇದ್ದವು.

ಕರಿಯಯ್ಯ ಸಂಕೋಚದಿಂದ ಬೇರೆ ಕಡೆ ನೋಡಿದ. ನಂಜಣ್ಣ ದಿಂಡನ್ನು ಹೆಂಡತಿಯ ಕಡೆಗೆ ಹಿಡಿದ. “ಏನಿದು? ಇದಕ್ಕಾ ನಾನು ಆರು ತಿಂಗಳಿಂದ ಕಾದಿದ್ದು?”

ಶಿವನಂಜಮ್ಮ ಮಾವನನ್ನು ನೋಡಿದಳು. ಮುಂದಿನ ಸಾಲುಗಳಲ್ಲಿ ತುಂಬಿದ ತೆನೆ ಇದೆ, ನಿಮ್ಮಪ್ಪನೇ ಸೂಲಂಗಿ ಮುರಿದು ಕೆಡಿಸಿದ್ದು, ನಾನು ಪುಡಿ ಕೊಡವಿ ಉಳಿಸಿದ್ದು. ಅಷ್ಟು ಹೇಳಿದರೆ ಹಿತ್ತಲು ಅವಳದು. ಅವಳಿಗೆ ಅದು ಎಷ್ಟು ಬೇಕಾಗಿತ್ತೆಂದರೆ ಕಣ್ಣಲ್ಲಿ ನೀರೇ ಬಂತು. ಆದರೂ ಬಾಯಿ ಬಿಡಲಿಲ್ಲ. “ನಿಮ್ಮಿಷ್ಟ,” ಅಂತ ಅಂದು, ಸೆರಗಲ್ಲಿ ಮುಖ ಒರೆಸಿಕೊಂಡು ಅಡಿಗೆಮನೆಯ ಕಡೆಗೆ ತಿರುಗಿದಳು. ಕರಿಯಯ್ಯ ಗೂಟ ಕೆಳಗಿಟ್ಟು ಹಗ್ಗ ಬಿಚ್ಚತೊಡಗಿದ.

“ನಿಂತ್ಕೊ ಮಗ,” ಅಂದರು ಷಣ್ಮುಖಪ್ಪನವರು ಸೊಸೆಗೆ. “ಕರಿಯಯ್ಯ, ಹಗ್ಗ ಮುಟ್ಟಬ್ಯಾಡ.”

ಅವರು ಈ ಬಾರಿ ಮಡಿಯ ಈಚೆ ಕಡೆಗೆ ಬಂದು, ತೆನೆಯೊಂದನ್ನು ಬೆರಳಲ್ಲಿ ಒತ್ತಿ ನೋಡಿ ಮುರಿದರು. ಮುಸುಕನ್ನು ತಾವೇ ಎಳೆದರು. ಬುಡದಿಂದ ತುದಿಯವರೆಗೆ ಕಾಳು, ಹಾಲು ತುಂಬಿ ಬಿರಿಯುವ ಹಾಗೆ. ಒಗೆಯುವ ಕಲ್ಲಿನ ಮೇಲೆ ಬರಿಯ ದಿಂಡನ್ನೂ ತುಂಬಿದ ತೆನೆಯನ್ನೂ ಪಕ್ಕಪಕ್ಕ ಇಟ್ಟರು.

“ನೋಡ್ಲಾ ನಂಜ. ಇದು ನಾನು ಬೆಳ್ದಿದ್ದು,” ಅಂತ ದಿಂಡನ್ನು ಮುಟ್ಟಿದರು. “ಇದು ಅವಳು ಬೆಳ್ದಿದ್ದು.”

“ಏನಪ್ಪಯ್ಯ ಅಂಗಂದ್ರೆ?”

“ಸೂಲಂಗಿ ಮುರ್ದು ಇಡೀ ಬೆಳೇನ ಕೆಡಿಸ್ದೋನು ನಾನು. ದೃಷ್ಟಿ ತೆಗೀಬೇಕು ಅಂತ ಸುಳ್ಳೇಳಿ, ನನ್ನ ಕೈಲೇ ಅದನ್ನ ಸರಿಮಾಡಿಸಿದೋಳು ಇವಳು. ಮುದುಕ ನಂಬ್ತಾನೆ ಅಂದ್ಕಂಡ್ಳು. ನಂಬ್ದೆ ಕಣ್ಲಾ. ಆಮ್ಯಾಲೆ ದಿನಾ ತೆನೆ ಒತ್ತಿ ಒತ್ತಿ ನೋಡ್ದೆ. ನಿವಾಳಿಸಿದ ಗಿಡವೆಲ್ಲಾ ತುಂಬ್ತಾ ಬಂದೊ. ಮಳೆ ಬಂದು ಬುಟ್ಟಿದ್ದ ಎರಡು ಸಾಲು ಬರಿದು. ಯಾರ ಕೆಟ್ಟ ಕಣ್ಣಿಗಾದ್ರೂ ಸಾಲು ಎಣಿಸಿ ಬೀಳೋಕೆ ಬತ್ತದೇನ್ಲಾ? ಆಗ ತಿಳೀತು ನಂಗೆ, ಕೆಟ್ಟ ಕೈ ಯಾವುದು ಅಂತ.”

ಬೇಲಿಯಾಚೆ ಚಿಕ್ಕಸಿದ್ದಮ್ಮ ತುದಿಗಾಲ ಮೇಲೆ ನಿಂತು ಕಲ್ಲಿನ ಕಡೆ ಇಣುಕಿದಳು.

“ಈವತ್ತು ನಾನೇ ಹೇಳಬೇಕು ಅಂತಿದ್ದೆ. ಆದ್ರೆ ಇವಳು ನಂಗಿಂತ ಮೊದ್ಲು ಹೇಳ್ಬುಡ್ತಾಳೆ ಅಂದ್ಕಂಡಿದ್ದೆ,” ಅಂದರು ಷಣ್ಮುಖಪ್ಪನವರು. “ಹಿತ್ತಲು ಓಯ್ತಾ ಇದ್ರೂ ಹೇಳ್ನಿಲ್ಲವಲ್ಲೋ.”

ನಂಜಣ್ಣ ತುಂಬಿದ ತೆನೆಯನ್ನು ಎತ್ತಿಕೊಂಡ. ಹಸಿಯಾಗಿಯೇ ಕಚ್ಚಿದ. ಅಗಿಯುತ್ತ ಅಪ್ಪನನ್ನೊಮ್ಮೆ ಹೆಂಡತಿಯನ್ನೊಮ್ಮೆ ನೋಡಿದ. ಇನ್ನೊಂದು ಸಲ ಕಚ್ಚಿದ. ಆಮೇಲೆ ಕರಿಯಯ್ಯನಿಗೆ, “ಹಗ್ಗ ಸುತ್ತು ಮಾರಾಯ. ಹೊಲದ ಕಡೆ ಓಗಿ ನೋಡಾಣ,” ಅಂದ. ಬೆಂಕಿ ಕಾಯುವುದು ಹೇಗೆ ಅಂತ ದಾರಿಯುದ್ದಕ್ಕೂ ಗೊಣಗಿಕೊಂಡೇ ಹೋದ. ತೆನೆಯನ್ನು ಮಾತ್ರ ಕೈಬಿಡಲಿಲ್ಲ.

ಶಿವನಂಜಮ್ಮ ಬಾವಿಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮಾವನ ಎದುರಿಗೆ ಕೂರಬಾರದು, ಅಳಬಾರದು ಅನ್ನುವುದೆಲ್ಲ ಅವಳಿಗೆ ಆಗ ನೆನಪಾಗಲಿಲ್ಲ. ಷಣ್ಮುಖಪ್ಪನವರು ಅವಳು ಅತ್ತು ಮುಗಿಸುವವರೆಗೂ ಪಕ್ಕದಲ್ಲೇ ಕೋಲೂರಿಕೊಂಡು ನಿಂತಿದ್ದರು. ಆಲೆಮನೆಗಳಲ್ಲಿ ಅವರು ನಿಂತಿದ್ದಾಗ ಕೇಳುವವರು ಬೇರೆಯವರು, ಹೇಳುವವರು ಅವರು. ತಮ್ಮ ಕಸುಬಿನ ವಿಷಯದಲ್ಲಿ ಅವರು ಇನ್ನೊಬ್ಬರ ಬುದ್ಧಿ ಕೇಳಿದ್ದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಗಂಟಲು ಸರಿಮಾಡಿಕೊಂಡರು.

“ಮುಂದಿನ ಸಲ ಸೂಲಂಗಿ ಬಂದಾಗ ನಾನೇನು ಮಾಡ್ಬೇಕು, ಹೇಳವ್ವ.”

ಶಿವನಂಜಮ್ಮ ಮೂಗು ಒರೆಸಿಕೊಂಡಳು.

“ಸುಮ್ಗಿರ್ಬೇಕು ಮಾವಯ್ಯ,” ಅಂದಳು.

“ಅಷ್ಟೆಯಾ?”

“ಅಷ್ಟೆ. ಅದೇ ಬಲು ಕಷ್ಟ.”